ಸೀಟಿನಿಂದ ನೆಲಕ್ಕೆ

ಆ ಭಾನುವಾರ ಬಿಳಿ ಕಾರು ಮೊದಲು ಬಂತು. ಅಥವಾ ನೀಲಿ. ಗೆದ್ದ ಕಾರನ್ನು ಎರಡನೆಯದಾಗಿ ತಂದರೆ ಕತೆಗೆ ಅನುಕೂಲ, ಅದಕ್ಕೇ ನನ್ನ ನೆನಪಿನ ಮೇಲೆ ನನಗೆ ಅನುಮಾನ. ಇರಲಿ, ಬಿಳಿಯೇ ಮೊದಲು.

ಕನ್ನಡ ನಾಡಿನಾಚೆ ನಾವು ನೆಲೆಸಿದ ಊರಿನ ಗಾಂಧಿಬಾಗ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ತಮ್ಮನಿಗೆ ದೊಡ್ಡ ಬ್ರ್ಯಾಂಡಿನ ಎಲೆಕ್ಟ್ರಿಕ್ ಕಾರು ಬೇಕಿತ್ತು. ಎರಡು ಶೋರೂಮಿನವರು ಬೆನ್ನು ಬಿದ್ದಿದ್ದರು. ಒಬ್ಬರದು ಅಗಲವಾದ ಸ್ಕ್ರೀನ್, ಇನ್ನೊಬ್ಬರದು ಅದಕ್ಕಿಂತ ಅಗಲ. ಒಬ್ಬರ ಸೀಟು ಬೆನ್ನು ಒತ್ತಿದರೆ ಇನ್ನೊಬ್ಬರದು ಒತ್ತುತ್ತಾ ಸುಗಂಧವನ್ನೂ ಬೀರುತ್ತಿತ್ತು.

ಅವ್ವನದು ಒಂದೇ ಶರತ್ತು. "ಟೆಸ್ಟ್ ಡ್ರೈವ್ ವರ್ಧಾ ರೋಡಿನ ಹೈವೇಗೆ ಬ್ಯಾಡ. ಲಕ್ಷ್ಮೀ ನಗರಕ್ಕ, ನಮ್ಮಕ್ಕನ ಗೇಟಿಗೆ."

ಮೊಣಕಾಲು ಹಿಡಿದ ಮೇಲೆ ಅವ್ವ ಮನೀಶ್ ನಗರದ ನಮ್ಮ ಮನೆಯಿಂದ ತನ್ನ ಅಕ್ಕನಲ್ಲಿಗೆ ಹೋದದ್ದು ಒಂದೇ ಸಲ. ಆಗ ನಾವು ಅಣ್ಣತಮ್ಮ ಇಬ್ಬರೂ ಸೇರಿ ಅವಳನ್ನು ಹಳೇ ಕಾರಿನಿಂದ ಎಳೆದು ಇಳಿಸುವಾಗ ದೊಡ್ಡವ್ವ ಗೇಟಿನಲ್ಲಿ ನಿಂತು ನಕ್ಕಿದ್ದಳು. ಇನ್ನು ಹೋದರೆ ಯಾರ ಕೈಯೂ ಹಿಡಿಯದೆ ಇಳಿಯುವುದು, ಇಲ್ಲವೆಂದರೆ ಹೋಗುವುದೇ ಇಲ್ಲ ಎಂದು ಅವ್ವ ಹಟ ಹಿಡಿದಿದ್ದಳು.

"ಮಾತಾಜಿ, ಸ್ಪೀಡು ಸೊನ್ನೆಯಿಂದ ನೂರಕ್ಕೆ ಚಿಟಿಕೆ ಹೊಡೆಯೋದ್ರಾಗ ಹೋಗತದ," ಅಂತ ಬಿಳಿ ಕಾರಿನವನು ಹಿಂದಿಯಲ್ಲಿ ಶುರು ಮಾಡಿದ.

"ಅದಿರ್ಲಿ, ಸೀಟಿನಿಂದ ನೆಲಕ್ಕ ಹೆಂಗ ಹೋಗೋದು, ಕೇಳು ಅವನ್ನ," ಅಂದಳು ಅವ್ವ.

ಕನ್ನಡ ಒಂದಕ್ಷರ ಬಾರದ ಅವನು ಎಲ್ಲ ಸರಿಯೆಂಬಂತೆ ತಲೆಯಾಡಿಸಿ "ಬರೋಬರ್, ಬರೋಬರ್" ಅಂದ.

ಬಿಳಿ ಕಾರಿನ ಬಾಗಿಲ ಹಿಡಿಕೆಗಳು ತಾವಾಗಿಯೇ ಹೊರಗೆ ಬಂದು ಸ್ವಾಗತಿಸಿದವು. ಹತ್ತುವುದು ಸಲೀಸಾಯಿತು. ಆದರೆ ಅಡಿಯಲ್ಲಿ ಬ್ಯಾಟರಿ ಇದ್ದುದರಿಂದ ಕಾಲಿಡುವ ಜಾಗ ಎತ್ತರ, ಸೀಟು ತಗ್ಗು. ಅವ್ವನ ಮೊಣಕಾಲು ಎದೆಗೆ ಬಂದಿತ್ತು. ದೊಡ್ಡವ್ವನ ಗೇಟು ತಲುಪಿದ ಮೇಲೆ ಏಳಲು ನೋಡಿದಳು, ಆಗಲಿಲ್ಲ.

"ಏನ ತಂಗಿ, ಒಳಗ ತತ್ತಿ ಇಡಾಕ ಕುಂತೀಯೇನ?" ದೊಡ್ಡವ್ವ ಗೇಟಿನಿಂದಲೇ ಕೂಗಿದಳು.

"ತಿರುಗಸ್ರಿ ಗಾಡಿ," ಅಂದಳು ಅವ್ವ. ಇಳಿಯದೆ ಮನೆಗೆ ಬಂದೆವು.

ಊಟವಾದ ಮೇಲೆ ನೀಲಿ ಬಂತು, ಅದರ ಸೀಟು ಕುರ್ಚಿಯಷ್ಟು ಎತ್ತರ. ಅದೇ ಗೇಟಿನ ಮುಂದೆ ಆ ಕಾರಿನವನು ಒಂದು ಗುಂಡಿ ಒತ್ತಿದ. ಕಾರು ಸಾಕಿದ ಆನೆಯಂತೆ ಮೆಲ್ಲಗೆ ತಗ್ಗಿತು. ಅವ್ವ ಬಾಗಿಲು ಹಿಡಿದು, ಕಾಲು ಚಾಚಿ, ನೆಲದ ಮೇಲೆ ನಿಂತಳು. ಯಾರ ಕೈಯೂ ಇಲ್ಲ.

ದೊಡ್ಡವ್ವ ಕಾರನ್ನು ಮೇಲಿನಿಂದ ಕೆಳಗೆ ನೋಡಿದಳು. "ಚಲೋ ಐತಿ ಬಿಡು. ನಾನೂ ಒಮ್ಮಿ ಕುಂದರ್ತೀನಿ," ಅಂದಳು. ಗೇಟಿನಿಂದ ಕಾರಿನವರೆಗೆ ಅವಳು ಗೋಡೆ ಹಿಡಿದೇ ನಡೆದಳು. ಇಷ್ಟು ದಿನ ಅವಳೂ ಗೇಟು ಬಿಟ್ಟು ಆಚೆ ಬಂದಿರಲಿಲ್ಲ ಎಂದು ಆಗ ಹೊಳೆಯಿತು.

ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಎಸಿ ಹಾಕಿಸಿಕೊಂಡು ಹರಟೆಗೆ ಕೂತರು. ಇಳಿಯಲೇ ಇಲ್ಲ. ಮಾರಲು ಬಂದವನು ಬೇವಿನ ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ನಿಂತ.

"ಬಿಳೀದರ ಸ್ಕ್ರೀನ್ ದೊಡ್ಡದಿತ್ತಲ್ಲವ್ವಾ," ತಮ್ಮ ಗೋಗರೆದ.

"ನಾ ಏನ್ ಸ್ಕ್ರೀನಿನಾಗಿಂದ ಇಳೀಬೇಕೇನು?"

ನೀಲಿ ಬುಕ್ ಆಯಿತು.

ಮೊನ್ನೆ ತಮ್ಮ ಆ ದಿನ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದ. ಅವ್ವ ಇಳಿಯುವಾಗ ದೊಡ್ಡವ್ವ ಆಗಲೇ ಕಾರಿನ ಪಕ್ಕದಲ್ಲಿದ್ದಾಳೆ, ಅವಳ ಕೈ ಅವ್ವನ ಮೊಣಕೈ ಮೇಲಿದೆ. ಅಂದರೆ ಗೋಡೆ ಹಿಡಿದು ನಡೆದದ್ದು ಯಾವಾಗ? ಗೊತ್ತಿಲ್ಲ.

"ಅಕಿ ನನ್ನ ಹಿಡದಿಲ್ಲ," ಅಂದಳು ಅವ್ವ. "ಅಕಿ ಬೀಳತಿದ್ಲು, ನಾ ಆಸರ ಕೊಟ್ಟೆ."

ಅವ್ವ ಹೀಗನ್ನುತ್ತಾಳೆ, ನಿಜವೇ ಎಂದು ದೊಡ್ಡವ್ವನನ್ನು ಕೇಳಿದೆ. ತಂಗಿಯ ಯಾವ ಮಾತಿಗೂ ಒಪ್ಪದವಳು, ವಿಡಿಯೊ ನೋಡದೆಯೇ ಅಂದಳು: "ಹೌದು, ನಾನೇ ಬೀಳತಿದ್ದೆ."