ರಂಗೋಲಿ ತುಳಿಯದ ಸಾಹೇಬರು

ನವಣೆಯಲ್ಲಿ ಕಲ್ಲು ಆರಿಸುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಶಾಲೆ ಬಿಟ್ಟ ಮಕ್ಕಳಿಗಾಗಿ ಆಗ ಎಣ್ಣೆ ಮಿಲ್ಲಿನ ಹಿಂದೆ ಒಂದು ಶಿಬಿರ ನಡೆಯುತ್ತಿತ್ತು. ಅಲ್ಲಿನ ಟೀಚರಮ್ಮ ಬಂದು ಮೊರದ ಪಕ್ಕದಲ್ಲೇ ಕುಕ್ಕರಿಸಿದರು.

"ನಾಳೆ ಶಿಕ್ಷಣ ಇಲಾಖೆ ಸಾಹೇಬ್ರು ಪರೀಕ್ಷೆ ಮಾಡಕ್ಕೆ ಬರ್ತಾರಂತ್ರಿ. ಓದಿದೋರು ಶಾಲೆಗೆ, ಓದದೋರು ಮನೆಗೆ. ನಿಮ್ ಹುಡುಗಿ ಕಥೆ ಮುಗೀತು."

ನಮ್ಮ ಹುಡುಗಿಯೆಂದರೆ, ವರವು ಕಾವಲಿನ ಹುಲ್ಲುಗಾವಲಲ್ಲಿ ಕುರಿ ಕಾಯುವವರ ಮಗಳು. ನಮ್ಮ ಬೀದಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ವಾಪಸು ಕಳಿಸಿದರೆ ಮತ್ತೆ ಕುರಿಯ ಹಿಂದೆಯೇ. ಪುಸ್ತಕ ಬಿಚ್ಚಿದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತವೆ ಎನ್ನುತ್ತಿದ್ದಳು. ಆದರೆ ಬೆಳಿಗ್ಗೆ ನಾನು ಬಾಗಿಲಿಗೆ ರಂಗೋಲಿ ಹಾಕಿ, ಪಕ್ಕದಲ್ಲಿ ಗೇಣುದ್ದದ ಅಕ್ಷರಗಳಲ್ಲಿ ಒಂದು ಪದ ಬರೆದರೆ, ಅದರ ಮೇಲೆ ಬೆರಳಾಡಿಸಿ ಓದಿಬಿಡುತ್ತಿದ್ದಳು.

ಮರುದಿನ ಪೂಜೆ ಮುಗಿಸಿ, ರಂಗೋಲಿ ಡಬ್ಬಿ ಹಿಡಿದು ಶಿಬಿರಕ್ಕೆ ಹೋದೆ. ಗೇಟಿನಿಂದ ಬಾಗಿಲವರೆಗೂ, ಅವಳು ಕೇಳಿರದ ಪಾಠವೊಂದನ್ನು ಅಂಗಳದ ತುಂಬ ಬರೆದೆ. ಚಳ್ಳಕೆರೆಯ ಗಾಳಿ ಆ ದಿನ ಬೀಸಲಿಲ್ಲ. ದೇವರ ಕೃಪೆಗಳಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ.

ಸಾಹೇಬರು ಗೇಟಿನಲ್ಲೇ ನಿಂತರು. ಅಕ್ಷರವೆಂದರೆ ಸರಸ್ವತಿ, ಹಣೆಯ ತುಂಬ ವಿಭೂತಿ ಇಟ್ಟವರು ತುಳಿಯುತ್ತಾರೆಯೇ? ಒಳಗಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬೇರೆ.

"ಏನಮ್ಮ ಇದು, ದಾರಿ ಎಲ್ಲೈತೆ?"

"ನಿಮ್ಗೆ ಸ್ವಾಗತ ಕಣ್ರಿ. ಓದಿ ಅಳಿಸಿದ್ರೆ ದೋಷ ಇಲ್ಲ. ಓದದೆ ಅಳಿಸಿದ್ರೆ ಪಾಪ," ಎಂದೆ. ಆ ಶಾಸ್ತ್ರ ನನಗೂ ಆಗಷ್ಟೇ ಹೊಳೆದದ್ದು.

ಹುಡುಗಿ ಮಂಡಿಯೂರಿದಳು. ಅವಳು ಒಂದು ಪದ ಓದಿ ಅಂಗೈಯಲ್ಲಿ ಒರೆಸುವುದು, ಸಾಹೇಬರು ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಮುಂದಿಡುವುದು. ನಡುವೆ ಅವಳು ತಡವರಿಸಿದಾಗ ಅವರು ಒಂಟಿಕಾಲಲ್ಲಿ ನಿಂತರು.

"ನಿಧಾನಕ್ಕೆ ಓದವ್ವ," ಎಂದರು. "ಬಾಳ ನಿಧಾನ ಬ್ಯಾಡ."

ಬಾಗಿಲು ಮುಟ್ಟಿದ್ದೇ, "ಬಾಯಿಪಾಠ ಮಾಡ್ಸೀರಿ ನೀವು," ಎಂದು ಡಬ್ಬಿ ಕಸಿದುಕೊಂಡು ತಾವೇ ನೆಲಕ್ಕೆ ಬಗ್ಗಿದರು. ಅವರ ಅಕ್ಷರಗಳು ಮಳೆಯಲ್ಲಿ ನೆಂದ ಕುರಿಗಳಂತೆ ಒಂದಕ್ಕೊಂದು ಆತುಕೊಂಡಿದ್ದವು.

ಹುಡುಗಿ ಬಹಳ ಹೊತ್ತು ಬೆರಳಾಡಿಸಿದಳು. ನಾನು ಮನಸ್ಸಿನಲ್ಲೇ ಜಟಿಂಗ ರಾಮೇಶ್ವರನಿಗೆ ಕಾಯಿ ಹರಸಿಕೊಂಡೆ.

"'ಒಳಗೆ ಬಿಡು' ಅಂತ ಬರದೀರಿ ಸಾ. ಕೈ ನಡುಗೈತೆ. ನಮ್ಮ ಅಮ್ಮಾರ ಹತ್ರ ಕಲೀರಿ."

ಸಾಹೇಬರು ಬಜ್ಜಿ ಕಚ್ಚುತ್ತಾ ಟೀಚರಮ್ಮನಿಗೆ ಹೇಳಿದರು: "ಇವಳ್ನ ಶಾಲೆಗೆ ಸೇರಿಸ್ರಿ. ಪುಸ್ತಕ ಆಮ್ಯಾಲೆ. ಮೊದ್ಲು ನೆಲದ ಮ್ಯಾಲೆ ದೊಡ್ಡದಾಗಿ ಬರ್ಕೊಡ್ರಿ."

ಹುಡುಗಿಯ ಅತ್ತೆಗೆ ಸುದ್ದಿ ಮುಟ್ಟಿಸಿ ಮನೆಗೆ ಬಂದೆ. ಇಡ್ಲಿಗೆ ನೆನೆಹಾಕಿದ್ದ ಉದ್ದು ಉಬ್ಬಿ ಕೂತಿತ್ತು. ಸೆರಗು ಸಿಕ್ಕಿಸಿಕೊಂಡು ರುಬ್ಬತೊಡಗಿದೆ.