ಕೀನ್ಯಾದವಳಿಗೆ ಮನೆ ಹುಡುಕಿದ್ದು

ಮಳೆಮೋಡಗಳನ್ನು ಗಮನಿಸುವ ಉಪಗ್ರಹವೊಂದರ ಕೆಲಸವನ್ನು ಕೀನ್ಯಾದವರೊಂದಿಗೆ ಕೂಡಿ ಮಾಡುವುದೆಂದು ನಮ್ಮ ಸಂಸ್ಥೆ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿಂದ ಎಂಜಿನಿಯರ್ ಒಬ್ಬಳು ಒಂದು ವರ್ಷಕ್ಕೆಂದು ಅಹಮದಾಬಾದಿಗೆ ಬಂದಳು. ನನ್ನ ಪಕ್ಕದ ಮೇಜೇ ಅವಳದು. ಅತಿಥಿಗೃಹದಲ್ಲಿ ಹೆಚ್ಚು ದಿನ ಇರುವಂತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಮನೆ ಖಾಲಿ ಇತ್ತು. ಬಾಹ್ಯಾಕಾಶ ವಿಜ್ಞಾನಿಗೆ ಎಂದಾಗ ಮಾಲೀಕರು ಫೋನಿನಲ್ಲೇ ಹಿಗ್ಗಿ ಒಪ್ಪಿದರು.

ಅವಳನ್ನು ಕರೆದುಕೊಂಡು ಹೋದೆ. ಮಾಲೀಕರು ಅವಳ ಮುಖ ನೋಡಿದರು, ಆಮೇಲೆ ನನ್ನದು.

"ಬೆನ್, ಮಕಾನ್ ತೊ ಅಪಾಯಿ ಗಯುಂ," ಎಂದರು ಗುಜರಾತಿಯಲ್ಲಿ.

ಮನೆ ಕೊಟ್ಟಾಯಿತಂತೆ! ಬೆಳಿಗ್ಗೆಯಷ್ಟೇ ಫೋನಿನಲ್ಲಿ ಬನ್ನಿ ಎಂದವರು ಇವರೇ. ಯಾರಿಗೆ ಕೊಟ್ಟಿರಿ ಎಂದು ಪಟ್ಟು ಹಿಡಿದೆ. ಆಗ ಅಪಾರ್ಟ್‌ಮೆಂಟಿನ ಸೊಸೈಟಿಯವರು ಒಪ್ಪುವುದಿಲ್ಲ, ಇಂಥವರ ಊಟ ತಿಂಡಿ ಬೇರೆ, ಅಕ್ಕಪಕ್ಕದಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದೆಲ್ಲ ಶುರುವಾಯಿತು. ಇವಳೂ ಹೆಣ್ಣುಮಗಳೇ ಅಲ್ಲವೆ?

"ಏನಂತಾರೆ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಬೇಡ ಅನ್ನೋದಕ್ಕೆ ಅಷ್ಟೊಂದು ಮಾತೇ?" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಕೂಗಾಡಿದೆ. "ನೀ ಸುಮ್ನಿರು. ನಾವೂ ಇಲ್ಲೇ ಬಾಳುವೆ ಮಾಡಬೇಕಲ್ಲ," ಎಂದರು ನನ್ನ ಗಂಡ. ನಾವಿಬ್ಬರೂ ಧಾರವಾಡದವರು.

"ಅದಕ್ಕ ಕೇಳಾಕತ್ತೀನಿ. ಇಂಥವರ ನಡುವೆ ಹೆಂಗ ಬಾಳುವೆ ಮಾಡೋದು?"

ಮರುದಿನ ನಮ್ಮ ಮುಖ್ಯಸ್ಥರ ಹತ್ತಿರ ಹೋದೆ. ಮಾಲೀಕರಿಗೆ ಸಂಸ್ಥೆಯಿಂದ ಒಂದು ಮಾತು ಹೇಳಿಸಿ ಎಂದೆ. ಅದು ಖಾಸಗಿ ವಿಷಯ ಎಂದುಬಿಟ್ಟರು. ಅದೇ ವಾರ ಒಪ್ಪಂದದ ಸಮಾರಂಭವಿತ್ತು. ಎರಡು ಖಂಡಗಳು ಕೈಹಿಡಿದು ನಡೆಯುತ್ತಿವೆ ಎಂದು ಅವರೇ ಭಾಷಣ ಮಾಡಿದರು. ಫೋಟೋಕ್ಕೆಂದು ಅವಳನ್ನು ನಡುವೆ ನಿಲ್ಲಿಸಿದರು. ನನ್ನನ್ನೂ ಕರೆದರು, ನಾನು ಹೋಗಲಿಲ್ಲ.

ಕೊನೆಗೆ ಅವಳಿಗೆ ಸೂರು ಸಿಕ್ಕಿದ್ದು ಸುಮಾರು ನೂರು ಕಿಲೋಮೀಟರು ದೂರದ ವಡೋದರಾದಲ್ಲಿ. ಫತೇಗಂಜ್‌ನಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆ ಕೊಡುವ ನನ್ನ ಅತ್ತಿಗೆ, "ಕಳಿಸು, ಅದರಾಗೇನೈತಿ?" ಎಂದಳು. ವರ್ಷವಿಡೀ ಕೀನ್ಯಾದವಳು ಕಿಕ್ಕಿರಿದ ರೈಲಿನಲ್ಲಿ ನಿಂತು ಕೆಲಸಕ್ಕೆ ಬಂದಳು. ಅವಳು ಬರೆದ ಪ್ರೋಗ್ರಾಮಿನಿಂದ ನಮ್ಮ ಮಳೆಯ ಮುನ್ಸೂಚನೆಯೂ ಸುಧಾರಿಸಿತು.

ಅವಳು ಹೊರಟುಹೋದ ಮೇಲೆ, ಕೀನ್ಯಾದಿಂದ ಬರುವ ಮುಂದಿನ ತಂಡವನ್ನೂ ನೀವೇ ನೋಡಿಕೊಳ್ಳಿ ಎಂದರು ಮುಖ್ಯಸ್ಥರು. ಮೊದಲು ಮನೆ ಗೊತ್ತುಮಾಡಿ, ಆಮೇಲೆ ಕರೆಸಿ ಎಂದೆ.

"ನೀವು ಸ್ವಲ್ಪ ಎಮೋಷನಲ್ ಆಗ್ತೀರಿ, ಮೇಡಂ."

"ಹೌದು ಸರ್, ಆಗ್ತೀನಿ," ಎಂದು ಎದ್ದು ಬಂದೆ.