ಸರ್ವಮಂಗಳಾ ಕ್ಯಾಲಿಕಟ್‌ಗೆ ಹೋದದ್ದು

ಐವತ್ತೊಂದು ತುಂಬಿದ್ದರೂ ಸರ್ವಮಂಗಳಾ ಸಮುದ್ರ ನೋಡಿರಲಿಲ್ಲ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕೇರಳದ ಕಡೆ ಹೋಗುವ ಬಸ್ಸುಗಳಿಗೇನೂ ಬರವಿಲ್ಲ. ಬೆಳಿಗ್ಗೆ ತಿಂಡಿ ತಿಂದು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಕ್ಯಾಲಿಕಟ್ಟು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಆ ಬಸ್ಸು ಹತ್ತಿದ್ದು ಗುಂಡ್ಲುಪೇಟೆಯ ನಾದಿನಿ ಮನೆಯವರೆಗೆ ಮಾತ್ರ.

ಅವಳ ತವರು ಪಕ್ಕದ ಕಳಲೆ. ಒಂಬತ್ತು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅಣ್ಣ ಪುಟ್ಟಸ್ವಾಮಿಯೇ ಸಾಕಿ, ಓದಿಸಿ, ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗುರುಮಲ್ಲಪ್ಪನಿಗೆ ಕೊಟ್ಟು ಮದುವೆ ಮಾಡಿದ. ಆ ಋಣವನ್ನು ಅವಳು ಒಂದು ದಿನವೂ ಮರೆತವಳಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಣ್ಣನಿಗೊಂದು ಫೋನ್ ಆಗಲೇಬೇಕು. ಏನು ಸಾರು, ಯಾರು ಬಂದಿದ್ದರು, ಯಾರ ಮನೆ ಹುಡುಗಿಯನ್ನು ಯಾರು ನೋಡಿಕೊಂಡು ಹೋದರು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಸೀರೆಗೆ ಕುಚ್ಚು ಹಾಕುವುದು ಅವಳ ಕೆಲಸ. ಬೀದಿಯ ಹೆಂಗಸರೆಲ್ಲ ಸೀರೆ ತಂದುಕೊಟ್ಟು, ಜಗಲಿಯಲ್ಲಿ ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದರು. ಹಾಗಾಗಿ ಅವಳಿಗೆ ಸುದ್ದಿಗೆ ಕೊರತೆಯಿರಲಿಲ್ಲ. ಅದರಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂದು ಆರಿಸುವ ಅಭ್ಯಾಸವೂ ಇರಲಿಲ್ಲ.

ಒಬ್ಬಳೇ ಮಗಳು ಅರ್ಪಿತ. ತಾಂಡ್ಯದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಒಂದು ದಿನ ಅವಳು ಕೆನೆ ಬಣ್ಣದ, ಕೆಂಪಂಚಿನ ರೇಷ್ಮೆ ಸೀರೆ ತಂದು, "ಅಮ್ಮಾ, ಫ್ರೆಂಡ್ ಮದ್ವೆಗೆ ಉಡ್ಬೇಕು. ಚೆನ್ನಾಗಿರೋ ಕುಚ್ಚು ಹಾಕ್ಕೊಡು" ಅಂದಳು. ಸರ್ವಮಂಗಳಾ ಬೇರೆಯವರ ಸೀರೆಗಳನ್ನೆಲ್ಲ ಪಕ್ಕಕ್ಕಿಟ್ಟು ನಾಲ್ಕು ದಿನ ಕೂತಳು. ಪ್ರತಿ ಕುಚ್ಚಿನ ತಲೆಗೂ ಮೂರು ಮುತ್ತು, ನಡುವೆ ಒಂದು ಕೆಂಪು ಮಣಿ. ಎಂದೂ ಸೂಜಿ ಮುಟ್ಟದ ಮಗಳು ಪಕ್ಕದಲ್ಲಿ ಕೂತು ಮಣಿ ಪೋಣಿಸಿಕೊಟ್ಟಳು. ಅಮ್ಮನ ಭುಜಕ್ಕೆ ತಲೆ ಒರಗಿಸಿಕೊಂಡು ಸುಮ್ಮನೆ ನೋಡುತ್ತಲೂ ಇದ್ದಳು.

"ಏನೇ ಇದು, ಮಗು ತರ?" ಎಂದು ಸರ್ವಮಂಗಳಾ ನಕ್ಕಿದ್ದಳು.

ಅದಾಗಿ ಎರಡು ವಾರಕ್ಕೆ, ಮೈಸೂರಿನಲ್ಲಿ ಟೀಚರಾಗಿದ್ದ ತಂಗಿ ಚೈತ್ರ ಫೋನ್ ಮಾಡಿದಳು. "ಅಕ್ಕಾ, ಈ ಶನಿವಾರ ಭಾನುವಾರ ಇಬ್ರೇ ಕ್ಯಾಲಿಕಟ್‌ಗೆ ಹೋಗ್ಬರೋಣ ಬಾ. ಸಮುದ್ರ ನೋಡ್ಬೇಕು ಅಂತ ಎಷ್ಟ್ ವರ್ಷದಿಂದ ಹೇಳ್ತೀಯ." ಒಂದು ಹೊತ್ತಿನ ಊಟ ಬಡಿಸುವುದು ತಡವಾದರೂ ಮುಖ ಗಂಟಿಕ್ಕುವ ಗುರುಮಲ್ಲಪ್ಪ, "ಹೋಗ್ಬಾ, ನಾನು ನೋಡ್ಕೋತೀನಿ" ಅಂದುಬಿಟ್ಟ. ಮಗಳು ತಾನೇ ಬ್ಯಾಗು ಜೋಡಿಸಿಕೊಟ್ಟಳು. ಸರ್ವಮಂಗಳಾ ಬೀದಿಗೆಲ್ಲ ಹೇಳಿಕೊಂಡು ಬಂದಳು. ಮನೆಯವರೆಲ್ಲ ಸೇರಿ ತನ್ನನ್ನು ಸಮುದ್ರ ನೋಡಲು ಕಳಿಸುತ್ತಿದ್ದಾರೆ ಎನ್ನುವುದನ್ನು ಎರಡೆರಡು ಸಲ ಹೇಳಿದಳು.

ಶನಿವಾರ ಬೆಳಿಗ್ಗೆ ಹೊರಟರು. ಬಂಡೀಪುರದಲ್ಲಿ ಜಿಂಕೆ ಕಂಡವು. ಘಾಟಿ ಇಳಿಯುವಾಗ ತಿರುವು ತಿರುವಿಗೂ ತಂಗಿಯ ಕೈ ಹಿಡಿದು ಕಣ್ಣು ಮುಚ್ಚಿದಳು. ಲಾಡ್ಜಿನಲ್ಲಿ ಮುಖ ತೊಳೆದು ಸಂಜೆ ನಾಲ್ಕೂವರೆಗೆ ಬೀಚಿಗೆ ಹೋದರೆ, ಅಷ್ಟು ದೊಡ್ಡದೆಂದು ಅವಳು ಅಂದುಕೊಂಡಿರಲಿಲ್ಲ. ಕಪಿಲೆಯ ಈ ದಡದಲ್ಲಿ ನಿಂತರೆ ಆ ದಡದಲ್ಲಿ ಬಟ್ಟೆ ಒಗೆಯುವವರು ಯಾರೆಂದು ಹೇಳಬಹುದು. ಇಲ್ಲಿ ಆ ದಡವೇ ಇಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲಿನವರೆಗೆ ನೀರಿಗಿಳಿದಳು. ಅಲೆ ಹಿಂದಕ್ಕೆ ಸರಿದಾಗ ಕಾಲಡಿಯ ಮರಳು ಜಾರಿತು. ಹೆದರಿ ಕೂಗಿ, ಆಮೇಲೆ ತಾನೇ ನಕ್ಕಳು. ಗಾಡಿಯವನ ಹತ್ತಿರ ಉಪ್ಪುನೀರಿನಲ್ಲಿ ನೆನೆಸಿದ ಮಾವಿನಕಾಯಿ ಕೊಂಡು ಇಬ್ಬರೂ ಮರಳಿನ ಮೇಲೆ ಕೂತು ತಿಂದರು. ಅಣ್ಣನಿಗೆ ಫೋನ್ ಮಾಡಿ, ಮೊಬೈಲನ್ನು ಅಲೆಗಳ ಕಡೆ ಹಿಡಿದು, "ಕೇಳುಸ್ತಾ ಅಣ್ಣಾ?" ಅಂದಳು. ಮಗಳ ಫೋನು ಮಾತ್ರ ಬ್ಯುಸಿ ಬರುತ್ತಿತ್ತು.

ಕತ್ತಲಾಗುವ ಮುಂಚೆ ಅವಳು ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ ಅಂದಳು: "ಮುಂದಿನ್ ಸಲ ಅರ್ಪಿತ, ಅವಳ ಗಂಡ, ಎಲ್ರೂ ಬರೋಣ. ಅವಳಿಗೂ ಇಪ್ಪತ್ತಾರಾಯ್ತು. ತಂದ ಗಂಡೆಲ್ಲ ಬೇಡ ಅಂತಾಳೆ. ಮನಸ್ಸಲ್ಲಿ ಯಾರಾದ್ರೂ ಇದ್ರೆ ಹೇಳ್ಲಿ ಕಣೇ. ಯಾರಾದ್ರೂ ಸರಿ, ನಾನೇನು ಬೇಡ ಅನ್ನಲ್ಲ."

ಚೈತ್ರ ಮರಳಿನಲ್ಲಿ ಗೆರೆ ಎಳೆಯುತ್ತಿದ್ದಳು. ಅಕ್ಕನ ಮುಖ ನೋಡಲಿಲ್ಲ. ಸರ್ವಮಂಗಳಾ ಮತ್ತೆ ಮೊಬೈಲು ಕೈಗೆತ್ತಿಕೊಂಡದ್ದು ಕಂಡು, "ಚಳಿ ಆಗ್ತಿದೆ, ಹೋಗೋಣ" ಎಂದು ಎದ್ದಳು.

ಭಾನುವಾರ ಹತ್ತೂವರೆಗೆ ಇಬ್ಬರೂ ಮಿಠಾಯಿ ಬೀದಿಯಲ್ಲಿದ್ದರು. ಹಲ್ವದ ಅಂಗಡಿಯಲ್ಲಿ ಕೆಂಪು, ಹಸಿರು, ಕಪ್ಪು ಬಣ್ಣದ ಹಲ್ವಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿದ್ದರು. ಮಗಳಿಗೆ ಎಳನೀರಿನದು, ಅಣ್ಣನ ಮನೆಗೆ ಗೋಡಂಬಿಯದು ಎಂದು ತೂಗಿಸುತ್ತಿರುವಾಗ ಸರ್ವಮಂಗಳಾಳ ಫೋನ್ ಬಂತು. ಎದುರು ಮನೆಯ ಗುರುಸಿದ್ದಮ್ಮ.

"ಅಲ್ಲ ಕಣ್ ಮಂಗಳಮ್ಮ, ನಿನ್ ಮಗಳ್ ಮದ್ವೆ ಅಲ್ಲಿ ನರಸೀಪುರದಲ್ಲಿ ಆಯ್ತಾದೆ, ನೀನು ನೋಡುದ್ರೆ ಕ್ಯಾಲಿಕಟ್‌ನಲ್ಲಿದ್ದೀನಿ ಅಂತೀಯಲ್ಲ?"

"ಯಾರ್ ಮದ್ವೆ?"

"ಅಯ್ಯೋ, ನಿನ್ಗೆ ಗೊತ್ತೇ ಇಲ್ವಾ? ನಮ್ ತಮ್ಮನ ಮಗ ಅದೇ ಫ್ಯಾಕ್ಟ್ರಿಲಲ್ವಾ ಇರೋದು, ಅವನು ಫೋಟೋ ಹಾಕವ್ನೆ. ತಡಿ, ಕಳುಸ್ತೀನಿ."

ಫೋಟೋ ಬಂತು. ಒಂದು ಮನೆಯ ಮುಂದೆ ಸಣ್ಣ ಶಾಮಿಯಾನ, ಹಿಂದೆ ಬುದ್ಧನ ಪಟ, ಅದಕ್ಕೆ ಮಲ್ಲಿಗೆ ಹಾರ. ಅರ್ಪಿತಳ ಕೊರಳಲ್ಲಿ ಮಾಲೆ. ಪಕ್ಕದಲ್ಲಿ ಕನ್ನಡಕದ ಒಬ್ಬ ತೆಳ್ಳನೆ ಹುಡುಗ. ಮಗಳು ಉಟ್ಟಿದ್ದು ಆ ಕೆನೆ ಬಣ್ಣದ ಸೀರೆ. ಸೆರಗು ತೋಳಿನ ಮೇಲೆ ಇಳಿಬಿದ್ದಿತ್ತು, ಕುಚ್ಚುಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು. ಅವಳ ಬಲಗಡೆ ಗುರುಮಲ್ಲಪ್ಪ ನಿಂತಿದ್ದ. ಸೊಸೈಟಿ ಮೀಟಿಂಗಿಗೆ ಬೇಕೆಂದು ಹೇಳಿ ಶುಕ್ರವಾರ ಇಸ್ತ್ರಿ ಮಾಡಿಸಿಕೊಂಡ ಬಿಳಿ ಷರಟೇ ಮೈಮೇಲಿತ್ತು.

ಸರ್ವಮಂಗಳಾಳ ಬೆರಳು ತಾನಾಗಿ ಅಣ್ಣನ ನಂಬರಿನ ಮೇಲೆ ಹೋಯಿತು. ಒತ್ತುವುದರೊಳಗೆ ಚೈತ್ರ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಬೇಡ. ಅಣ್ಣನಿಗೆ ಮಾತ್ರ ಬೇಡ. ಇನ್ನೊಂದು ಗಂಟೆ ತಡಿ, ಧಾರೆ ಮುಗೀಲಿ."

ಸರ್ವಮಂಗಳಾ ತಂಗಿಯ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ತನ್ನನ್ನು ಇಲ್ಲಿಗೆ ಕರೆತಂದದ್ದು ಯಾಕೆಂದು ಅಲ್ಲಿ, ಆ ಹಲ್ವದ ಅಂಗಡಿಯ ಮುಂದೆ, ಅವಳಿಗೆ ತಿಳಿಯಿತು. ಅಂಗಡಿಯವನು ಪೊಟ್ಟಣ ಕಟ್ಟಿ, "ಚೇಚೀ, ಚೇಚೀ" ಎಂದು ಕೂಗುತ್ತಿದ್ದ. ಅವಳು ಪೊಟ್ಟಣ ಬಿಟ್ಟು ಬೀದಿಗಿಳಿದು ನಡೆದಳು.

ವಾಪಸ್ಸು ಬರಲು ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು, ಖಾಲಿಯಿದ್ದದ್ದು ಒಂದೇ ಸೀಟು, ಇಬ್ಬರು ಕೂರುವಂಥದ್ದು. ಮೋಸ ಮಾಡಿದವಳ ತೋಳಿಗೆ ತೋಳು ತಾಗಿಸಿಕೊಂಡು ಆರು ಗಂಟೆ ಕಾಲ ಬರಬೇಕಾಯಿತು. ಘಾಟಿ ಹತ್ತುವಾಗ ಅವಳು ಕಣ್ಣು ಮುಚ್ಚಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ.

ವೈತ್ತಿರಿ ದಾಟಿದ ಮೇಲೆ ಚೈತ್ರ ಮೆಲ್ಲಗೆ ಶುರು ಮಾಡಿದಳು. ಹುಡುಗನ ಹೆಸರು ಮಾದೇಶ್, ಅದೇ ಲ್ಯಾಬಿನವನು, ಮೂರು ವರ್ಷದ ಪರಿಚಯ, ಒಳ್ಳೆಯವನು. ಬೇರೆ ಜಾತಿ. ಅಣ್ಣನಿಗೆ ಗೊತ್ತಾದರೆ ಬಿಡುವುದಿಲ್ಲ ಎಂದು ಭಾವನೇ ಹೀಗೆ ಮಾಡೋಣ ಅಂದರು.

"ನಿನ್ನೆ ಸಮುದ್ರದ ಹತ್ರ ನಾನೇನಂದೆ?" ಸರ್ವಮಂಗಳಾ ಕಿಟಕಿಯಿಂದ ತಲೆ ತಿರುಗಿಸದೆ ಕೇಳಿದಳು. "ಯಾರಾದ್ರೂ ಸರಿ ಅಂದೆನಲ್ಲ. ಆಗ್ಲಾದ್ರೂ ಒಂದ್ ಮಾತು ಹೇಳಿದ್ರೆ ನಿನ್ ಬಾಯಿ ಸವೆದು ಹೋಗ್ತಿತ್ತಾ? ಬೆಳಿಗ್ಗೆ ಐದಕ್ಕೆ ಬಸ್ ಹತ್ತಿದ್ರೂ ಹನ್ನೊಂದಕ್ಕೆ ಬಂದ್ಬುಡ್ತಿದ್ದೆ."

"ಹೇಳ್ಬೇಕು ಅಂತ ಬಾಯಿಗೆ ಬಂದಿತ್ತು ಅಕ್ಕ. ಅಷ್ಟರಲ್ಲಿ ನೀನು ಫೋನ್ ಕೈಗೆ ತಗೊಂಡೆ. ಭಯ ಆಯ್ತು."

ನಂಜನಗೂಡಿನಲ್ಲಿ ಸರ್ವಮಂಗಳಾ ತನ್ನ ಬ್ಯಾಗು ತಾನೇ ಎತ್ತಿಕೊಂಡು ಇಳಿದಳು. ಮೈಸೂರಿಗೆ ಹೋಗುವ ತಂಗಿಗೆ ಬರುತ್ತೀನಿ ಎಂದೂ ಹೇಳಲಿಲ್ಲ.

ಗುರುಮಲ್ಲಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅವಳು ಕೂಗಾಡುತ್ತಾಳೆಂದು ಅಂದುಕೊಂಡಿದ್ದನೋ ಏನೋ, ಕಿಟಕಿಗಳನ್ನೆಲ್ಲ ಮುಚ್ಚಿದ್ದ. ಅವಳು ಕೂಗಾಡಲಿಲ್ಲ. ಬ್ಯಾಗು ಇಟ್ಟು, ಕುರ್ಚಿಯಲ್ಲಿ ಕೂತು ಕೇಳಿದಳು:

"ನಾನೇನು ಅವಳ ಹೆತ್ತ ತಾಯಿ ಅಲ್ವಾ ರೀ?"

"ಹಂಗಲ್ಲ ಮಂಗಳಾ..."

"ಹೆಂಗೆ ಮತ್ತೆ? ನಾನು ಬೇಡ ಅಂದಿದ್ದೆನಾ? ಒಂದ್ ಸಲನಾದ್ರೂ ಕೇಳಿದ್ರಾ?"

ಅವನು ಎದುರಿನ ಕುರ್ಚಿ ಎಳೆದುಕೊಂಡು ಕೂತ. "ನೀನು ಬೇಡ ಅಂತೀಯ ಅಂತ ಯಾರೂ ಅಂದ್ಕೊಳ್ಳಿಲ್ಲ. ನಿಮ್ಮಣ್ಣನ ಕೈಲಿ ಹೇಳ್ಬುಡ್ತೀಯ ಅಂತ ಅಷ್ಟೇ" ಅಂದ. "ಹೆಡತಲೆ ಬಿಂದುಶ್ರೀ ವಿಷಯ ಮರ್ತೋಯ್ತಾ?"

ಮರೆತಿರಲಿಲ್ಲ. ಬಿಂದುಶ್ರೀ ಹೆಡತಲೆ ಊರಿನವಳು, ಸಂಬಂಧದಲ್ಲಿ ಸೊಸೆಯಾಗಬೇಕಾದ ಹುಡುಗಿ. ಎರಡು ವರ್ಷದ ಕೆಳಗೆ ಕುಚ್ಚು ಹಾಕಿಸಲು ಬಂದಾಗ, ತಾನೊಬ್ಬನನ್ನು ಇಷ್ಟಪಟ್ಟಿರುವುದಾಗಿ ಹೇಳಿಕೊಂಡಿದ್ದಳು. ಸಂಜೆಯ ಫೋನಿನಲ್ಲಿ ಬಾಯಿತಪ್ಪಿ ಅದು ಪುಟ್ಟಸ್ವಾಮಿಯ ಕಿವಿಗೆ ಬಿತ್ತು. ವಾರದೊಳಗೆ ಹುಡುಗಿಯನ್ನು ಕಾಲೇಜು ಬಿಡಿಸಿ, ದೂರದ ಊರಿಗೆ ಕೊಟ್ಟು ಕೈತೊಳೆದುಕೊಂಡರು. ಮುಂದೆ ನಿಂತು ಮಾಡಿಸಿದವನು ಪುಟ್ಟಸ್ವಾಮಿ.

"ಅದು ಗೊತ್ತಿಲ್ದೆ ಆದದ್ದು" ಅಂದಳು ಸರ್ವಮಂಗಳಾ.

"ಅದಕ್ಕೇ ಹೆದರಿದ್ದು" ಅಂದ ಅವನು.

ಆ ಮಾತು ಅವಳಿಗೆ ಹೊಡೆದಂತಾಯಿತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಬೆಳಿಗ್ಗೆ ಫೋಟೋ ನೋಡಿದ ಕೂಡಲೇ ತನ್ನ ಬೆರಳು ಹೋದದ್ದು ಎಲ್ಲಿಗೆಂದು ಅವಳಿಗೆ ನೆನಪಿತ್ತು. ಆದರೂ, ಸಂಸಾರವೆಲ್ಲ ಸೇರಿ ಇಷ್ಟು ದಿನ ತನ್ನ ಕಣ್ಣೆದುರಿಗೇ ಪಿಸುಗುಟ್ಟಿದ್ದನ್ನು, ತನ್ನ ಆಸೆಯನ್ನೇ ಹಿಡಿದುಕೊಂಡು ತನ್ನನ್ನು ಊರು ದಾಟಿಸಿದ್ದನ್ನು ನೆನೆದರೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಕಣ್ತುಂಬ ನೋಡಿಬಂದ ಸಮುದ್ರವೂ ಈಗ ಬೇಡವಾಗಿತ್ತು.

ಸೋಮವಾರ ಬೆಳಿಗ್ಗೆ ಪುಟ್ಟಸ್ವಾಮಿ ಬಂದ. ಚಪ್ಪಲಿ ಬಿಡದೆ ನಡುಮನೆಗೆ ನುಗ್ಗಿದ. ಗುರುಮಲ್ಲಪ್ಪನ ಕಡೆ ತಿರುಗಿಯೂ ನೋಡದೆ ತಂಗಿಯ ಮುಂದೆ ನಿಂತ.

"ಇವನ ವಿಷ್ಯ ಆಮೇಲೆ ನೋಡ್ಕೋತೀನಿ. ನೀನು ಹೇಳು. ನಿನ್ಗೆ ಗೊತ್ತಿತ್ತಾ? ನಿನ್ನ ಕ್ಯಾಲಿಕಟ್‌ಗೆ ಸಾಗ್ಹಾಕಿ ಇವ್ರೆಲ್ಲ ಸೇರ್ಕೊಂಡು ಮಾಡವ್ರೆ ತಾನೆ? ಅಷ್ಟು ಹೇಳ್ಬುಡವ್ವ, ಸಾಕು. ನೀನು ನನ್ ತಂಗಿಯಾಗೇ ಇರ್ತೀಯ."

ಗೊತ್ತಿರಲಿಲ್ಲ ಎಂದಿದ್ದರೆ ಅದು ನಿಜವೇ. ತವರು ಉಳಿಯುತ್ತಿತ್ತು. ಅಣ್ಣ ಅವಳ ತಲೆ ಸವರಿ, ಉಳಿದವರ ಮೇಲೆ ಹರಿಹಾಯುತ್ತಿದ್ದ. ಸರ್ವಮಂಗಳಾ ಬಾಗಿಲ ಕಡೆ ನೋಡಿದಳು. ಗುರುಸಿದ್ದಮ್ಮನೂ ಇನ್ನಿಬ್ಬರೂ ಬೀದಿಯಲ್ಲಿ ನಿಂತು ಇತ್ತಲೇ ಕಿವಿಗೊಟ್ಟಿದ್ದರು. ಹೆತ್ತ ಮಗಳೇ ತನಗೆ ಹೇಳಲಿಲ್ಲ ಎಂಬುದನ್ನು ತನ್ನ ಬಾಯಿಂದಲೇ ಇವರ ಮುಂದೆ ಹೇಗೆ ಹೇಳುವುದು? ಇನ್ನೊಂದೂ ಇತ್ತು. ಅಣ್ಣನ ಕಣ್ಣಿನಲ್ಲಿ ಈಗಿದ್ದ ಕಿಚ್ಚನ್ನು ಬಿಂದುಶ್ರೀಯೂ ನೋಡಿರಬೇಕು.

"ಗೊತ್ತಿತ್ತು" ಅಂದಳು. "ಧಾರೆ ಸೀರೆಗೆ ಕುಚ್ಚು ಹಾಕಿದ್ದೇ ನಾನು."

ಗುರುಮಲ್ಲಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಪುಟ್ಟಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ. ಎತ್ತಿ ಆಡಿಸಿದವನು ತಾನು, ಒಂದು ಮಾತೂ ಮುಚ್ಚಿಡದ ತಂಗಿ ತನಗೇ ಹೀಗೆ ಮಾಡಿದಳೇ ಎಂಬ ನೋವು ಅವನ ಮುಖದಲ್ಲಿ ಕಾಣುತ್ತಿತ್ತು. ನಿನ್ನೆಯಿಂದ ತನಗಾಗುತ್ತಿದ್ದ ನೋವೂ ಅದೇ ಎಂದು ಅವಳಿಗೆ ಅನಿಸಿತು.

"ಇನ್ನು ಕಳಲೆ ಕಡೆ ತಲೆ ಹಾಕ್ಬೇಡ. ನನ್ ಹೆಣ ಬಿದ್ರೂ ಬರ್ಬೇಡ" ಎಂದು ಅವನು ಹೋದ. ಆ ಮಾತಿಗೆ ಅವನು ಇವತ್ತಿನವರೆಗೂ ತಪ್ಪಿಲ್ಲ.

ತಿಂಗಳು ಕಳೆದ ಮೇಲೆ ಸರ್ವಮಂಗಳಾ ಒಬ್ಬಳೇ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದಳು. ಗಂಡನಿಗೂ ಹೇಳಲಿಲ್ಲ. ಮಾದೇಶನ ತಾಯಿ ಮರಿತಾಯಮ್ಮ ಗಾಬರಿಯಿಂದ ಕುರ್ಚಿ ಒರೆಸಿ, "ಕೂತ್ಕಳಿ ಅವ್ವಾರೇ. ನಮ್ಗೂ ಮನ್ಸಿರಲಿಲ್ಲ ಕಣವ್ವ. ತಾಯಿ ಇಲ್ದೆ ಧಾರೆ ಬ್ಯಾಡ ಅಂತ ಬಡ್ಕಂಡೆ. ಯಾರ್ ಕೇಳಾರು?" ಅಂದಳು. ಆ ಮದುವೆಯಲ್ಲಿ ತನ್ನನ್ನು ನೆನೆದವಳು ಗುರುತಿಲ್ಲದ ಈ ಹೆಂಗಸೊಬ್ಬಳೇ ಎಂದು ಸರ್ವಮಂಗಳಾಳ ಕಣ್ಣು ಹನಿಯಿತು. ಮರಿತಾಯಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ಅರ್ಪಿತ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಮರಿತಾಯಮ್ಮ ನೀರು ತರಲು ಎದ್ದುಹೋದಾಗ ಹತ್ತಿರ ಬಂದು ಕೇಳಿದಳು, "ಅಮ್ಮಾ, ಮಾವನ ಮುಂದೆ ಯಾಕೆ ಗೊತ್ತಿತ್ತು ಅಂದೆ?"

"ಗೊತ್ತಿರಲಿಲ್ಲ ಅನ್ನೋಕೆ ನಾಚ್ಕೆ ಆಯ್ತು."

"ನನ್ನ ಕ್ಷಮಿಸ್ಬುಡಮ್ಮ."

ಸರ್ವಮಂಗಳಾ ಮಗಳ ಕೆನ್ನೆ ಒರೆಸಿದಳು. "ಅಳ್ಬೇಡ. ನೀನು ಚೆನ್ನಾಗಿರು. ಕ್ಷಮ್ಸು ಅಂತ ಮಾತ್ರ ಈಗ್ಲೇ ಕೇಳ್ಬೇಡ, ನನ್ ಕೈಲಾಗಲ್ಲ" ಅಂದಳು. ಆಮೇಲೆ ಅಳಿಯ ಎಷ್ಟೊತ್ತಿಗೆ ಬರುತ್ತಾನೆಂದು ವಿಚಾರಿಸಿ, ಊಟಕ್ಕೆ ಎಲೆ ಹಾಕುವಂತೆ ಹೇಳಿ ಕೈ ತೊಳೆಯಲು ಎದ್ದಳು.